ಕೆಳಗೆ ಅಂಗಡಿ, ಮೇಲೆ ಕಚೇರಿ

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ 1973ರಲ್ಲಿ ಎದ್ದ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್ 25 ಅಂತಸ್ತಿನದು, ಎತ್ತರ ಸುಮಾರು 106 ಮೀಟರ್. ಸುಭಾಷ್‌ಚಂದ್ರ ಬೋಸರ ಹೆಸರು ಹೊತ್ತ ಈ ಕಟ್ಟಡ ಯಾವ ಉದ್ಯಮಿಯದೂ ಅಲ್ಲ, ನಗರಪಾಲಿಕೆಯದು. ಕೆಳಗಿನ ಅಂತಸ್ತುಗಳಲ್ಲಿ ಅಂಗಡಿಗಳು, ಸಿನಿಮಾ ಮಂದಿರ. ಮೇಲೆಲ್ಲ ಕಚೇರಿಗಳು. ದಶಕಗಳ ಕಾಲ ಬೆಂಗಳೂರಿನಲ್ಲಿ ಅದಕ್ಕಿಂತ ಎತ್ತರದ್ದು ಇರಲಿಲ್ಲ. ಅದರ ಹಿಂದಿನ ಎಣಿಕೆ ಸರಳವಾದದ್ದು: ಅಂಗಡಿಗೆ ಜನ ಬರಲಿ, ಕಚೇರಿಗಳು ಬಾಡಿಗೆ ಕಟ್ಟಲಿ, ಪಾಲಿಕೆಗೆ ವರಮಾನವಾಗಲಿ. ಆ ಎಣಿಕೆಯ ಪುಟ್ಟ ಮರಿಗಳು ಇವತ್ತು ಕರ್ನಾಟಕದ ಪ್ರತಿ ತಾಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಸಿಗುತ್ತವೆ. ಕೆಳಗೆ ಹತ್ತು ಮಳಿಗೆ, ಮೇಲೆ ಒಂದು ಬ್ಯಾಂಕು, ಅದರ ಪಕ್ಕ ವಿಮಾ ಏಜೆಂಟನ ಕೋಣೆ, ಮೆಟ್ಟಿಲ ಮೂಲೆಯಲ್ಲಿ ಎಲೆಯಡಿಕೆಯ ಕೆಂಪು. ನಾವು ಅದನ್ನು ಕಾಂಪ್ಲೆಕ್ಸ್ ಅನ್ನುತ್ತೇವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಇಂಥವು ಬೇಕಾದಷ್ಟಿವೆ, ಗೋಪುರ ಅನ್ನಿಸಿಕೊಳ್ಳುವ ಕಟ್ಟಡ ಮಾತ್ರ ಇಲ್ಲ. ಈ ಮೂರೂರುಗಳ ವ್ಯಾಪಾರಕ್ಕೆ ಒಂದು ಚರಿತ್ರೆ ಬರೆಯಹೊರಟರೆ ಯಾವ ಕಟ್ಟಡದ ಮುಂದೆ ನಿಲ್ಲಬೇಕು? ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಮುಂದೆ ಎಂಬುದು ನನ್ನ ಉತ್ತರ. ಅಂಗಡಿ ಮತ್ತು ಕಚೇರಿ ಒಂದೇ ಜಾಗದಲ್ಲಿ ಕೂಡಿ ಬಾಳಿದ ದೊಡ್ಡ ಉದಾಹರಣೆ ಹಾವೇರಿ ಜಿಲ್ಲೆಯಲ್ಲಿ ಅದೇ. ಅದು ಮೇಲಕ್ಕೆ ಏರಲಿಲ್ಲ, ಅಡ್ಡಡ್ಡ ಹರಡಿಕೊಂಡಿತು, ಅಷ್ಟೇ. ಅದನ್ನು ಬೆಳೆಸಿದ್ದು ಅಂಗಡಿಗಿಂತ ಹೆಚ್ಚಾಗಿ ಕಚೇರಿ ಎಂಬುದನ್ನು ತೋರಿಸುವುದು ಈ ಬರಹದ ಉದ್ದೇಶ.

ವಾರಕ್ಕೆರಡು ದಿನ, ಸೋಮವಾರ ಮತ್ತು ಗುರುವಾರ, ಅಲ್ಲಿ ಮೆಣಸಿನಕಾಯಿ ವ್ಯಾಪಾರ. ಜನವರಿಯಿಂದ ಏಪ್ರಿಲ್‌ವರೆಗೆ ಹಂಗಾಮು ಏರಿದಾಗ ಹಿಂದಿನ ರಾತ್ರಿಯೇ ಲಾರಿಗಳು ಸಾಲುಗಟ್ಟುತ್ತವೆ. ಬೆಳಗಾಗುವಷ್ಟರಲ್ಲಿ ದಲಾಲಿ ಅಂಗಡಿಗಳ ಮುಂದಿನ ಕಟ್ಟೆಯ ಮೇಲೂ ರಸ್ತೆಯ ಮೇಲೂ ಚೀಲಗಳ ಗೋಡೆ ಎದ್ದಿರುತ್ತದೆ. ಒಬ್ಬ ರೈತನ ಮಾಲು ಒಂದು ಲಾಟ್, ಅದಕ್ಕೊಂದು ನಂಬರು, ನಂಬರಿನ ಚೀಟಿ ಚೀಲದ ಮೇಲೆ. ಚೀಲದ ಬಾಯಿ ಬಿಚ್ಚಿ ಒಂದಷ್ಟು ಕಾಯಿ ಹೊರಗೆ ಸುರಿದಿರುತ್ತಾರೆ. ಖರೀದಿದಾರ ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹಿಸುಕುತ್ತಾನೆ. ಗರಿಗರಿ ಒಡೆದರೆ ಒಣಗಿದ್ದು, ಚರ್ಮದ ಹಾಗೆ ಬಾಗಿದರೆ ಹಸಿ ಉಳಿದದ್ದು. ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುವವರಿದ್ದಾರೆ, ಸಿಪ್ಪೆಯ ಸುಕ್ಕು ನೋಡಿಯೇ ಇದು ಡಬ್ಬಿಯೋ ಕಡ್ಡಿಯೋ ಬೀಜದ ಕಂಪನಿಯ ಹೈಬ್ರಿಡ್ಡೋ ಎಂದು ಹೇಳುವವರಿದ್ದಾರೆ. ಡಬ್ಬಿ ಗಿಡ್ಡ, ಉಬ್ಬಿದ ಕಾಯಿ. ಕಡ್ಡಿ ಉದ್ದ, ತೆಳು, ಮೈತುಂಬ ಸುಕ್ಕು. ಎರಡರಲ್ಲೂ ಖಾರ ಕಡಿಮೆ, ಬಣ್ಣ ಗಾಢ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಈ ಕಾಯಿಗೇ. ಬಣ್ಣ ತೆಗೆಯುವ ಓಲಿಯೊರೆಸಿನ್ ಕಾರ್ಖಾನೆಗಳು, ಮಸಾಲೆ ಪುಡಿಯ ಕಂಪನಿಗಳು ಬ್ಯಾಡಗಿಗೆ ಬರುವುದು ಈ ಬಣ್ಣಕ್ಕಾಗಿ. ನಾಲಿಗೆಗೆ ತಾಗದ ಮೆಣಸಿನಕಾಯಿ ತುಟಿಗೆ ಹಚ್ಚುವ ಬಣ್ಣದಲ್ಲೂ ಇರುತ್ತದೆ ಎಂಬುದು ಪೇಟೆಯಲ್ಲಿ ಹಳೆಯ ಸುದ್ದಿ. ನೋಡಿ, ಮೂಸಿ ಆದ ಮೇಲೆ ಖರೀದಿದಾರ ಬಾಯಿಬಿಟ್ಟು ದರ ಹೇಳುವುದಿಲ್ಲ. ಲಾಟ್ ನಂಬರಿನ ಎದುರು ತನ್ನ ದರವನ್ನು ಗಣಕದಲ್ಲೋ ಮೊಬೈಲ್‌ನಲ್ಲೋ ದಾಖಲಿಸುತ್ತಾನೆ. ಗೊತ್ತುಪಡಿಸಿದ ಹೊತ್ತು ಮುಗಿದ ಮೇಲೆ ಯಾವ ಲಾಟ್‌ಗೆ ಯಾರ ದರ ಹೆಚ್ಚು ಎಂದು ಎಪಿಎಂಸಿ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ, ಪ್ರಕಟಿಸುತ್ತದೆ. ಆಮೇಲೆ ತೂಕ, ಹಮಾಲರ ಕೆಲಸ, ಲೆಕ್ಕದ ಪಟ್ಟಿ, ಹಣ. ಸಂಜೆಯಿಂದ ಆಚೆಗೆ ಮಾಲು ಊರ ಸುತ್ತಲಿನ ಕೋಲ್ಡ್ ಸ್ಟೋರೇಜುಗಳಿಗೆ, ತೊಟ್ಟು ಬಿಡಿಸುವ ಹೆಂಗಸರ ಮುಂದಿನ ರಾಶಿಗಳಿಗೆ, ಪುಡಿ ಗಿರಣಿಗಳಿಗೆ ಹಂಚಿಹೋಗುತ್ತದೆ. ಗುಂಟೂರನ್ನು ಬಿಟ್ಟರೆ ದೇಶದ ಅತಿ ದೊಡ್ಡ ಮೆಣಸಿನಕಾಯಿ ಪೇಟೆಗಳ ಸಾಲಿನಲ್ಲಿ ನಿಲ್ಲುವ ಈ ಊರಿನ ಜನಸಂಖ್ಯೆ 2011ರ ಗಣತಿಯಲ್ಲಿ 30 ಸಾವಿರದ ಆಸುಪಾಸು.

ಇದನ್ನು ಶಾಪಿಂಗ್ ಸೆಂಟರ್ ಎನ್ನಬಹುದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲಿ ಗೃಹಿಣಿ ಚೀಲ ಹಿಡಿದು ಹೋಗುವುದಿಲ್ಲ, ಗಾಜಿನ ಬಾಗಿಲಿಲ್ಲ, ಏರುಮೆಟ್ಟಿಲ ಯಂತ್ರವಿಲ್ಲ. ಒಪ್ಪುವ ಮಾತು. ಆದರೆ ಮಾಲ್ ಎಂಬ ಕಲ್ಪನೆ ಹುಟ್ಟಿದ್ದು ಹೇಗೆ ಎಂದು ಒಮ್ಮೆ ನೋಡಬೇಕು. ಪೂರ್ತಿ ಸೂರಿನಡಿಯ ಮೊದಲ ಆಧುನಿಕ ಮಾಲ್ ಎಂದು ಹೆಸರಾದದ್ದು ಅಮೆರಿಕದ ಮಿನೆಸೋಟ ರಾಜ್ಯದ ಸೌತ್‌ಡೇಲ್, 1956ರದು. ಅದನ್ನು ರೂಪಿಸಿದ ವಿಕ್ಟರ್ ಗ್ರೂಯೆನ್ ವಿಯೆನ್ನಾದಿಂದ ಹೋದವನು. ಅವನ ಮನಸ್ಸಿನಲ್ಲಿದ್ದದ್ದು ಬರೀ ಅಂಗಡಿಯಲ್ಲ. ಸುತ್ತ ಮನೆಗಳು, ಶಾಲೆ, ಆಸ್ಪತ್ರೆ, ಕಚೇರಿ ಎಲ್ಲ ಸೇರಿದ ಪುಟ್ಟ ಊರು. ಹಣ ಹೂಡಿದವರು ಅಂಗಡಿ ಕಟ್ಟಿದರು, ಮಿಕ್ಕದ್ದನ್ನು ಬಿಟ್ಟರು. ಕೊನೆಗಾಲದಲ್ಲಿ ಗ್ರೂಯೆನ್ ಇಂಥ ಮಾಲ್‌ಗಳಿಗೂ ತನಗೂ ಸಂಬಂಧವಿಲ್ಲ ಎಂದು ಕೈತೊಳೆದುಕೊಂಡ. ಅಂದರೆ ವ್ಯಾಪಾರ ಕೇಂದ್ರ ಎಂಬ ಕಲ್ಪನೆಯಲ್ಲಿ ಕೊಳ್ಳುವ ಜಾಗದಷ್ಟೇ ಮುಖ್ಯವಾಗಿ ಇತರ ಕೆಲಸಗಳೂ ಇದ್ದವು. ಬ್ಯಾಡಗಿಯ ಪ್ರಾಂಗಣದಲ್ಲಿ ಆ ಇತರ ಕೆಲಸಗಳು ಬೇರೆ ರೀತಿಯಲ್ಲಿ ಜೀವಂತವಾಗಿವೆ: ಬ್ಯಾಂಕು, ತೂಕದ ಕಾಟಾ, ಗೋದಾಮು, ರೈತರು ರಾತ್ರಿ ತಂಗುವ ಜಾಗ, ಲಾರಿ ಸಾಗಣೆಯ ಕಚೇರಿ, ತಕರಾರು ಕೇಳುವ ಸಮಿತಿ. ಎಂ.ಜಿ. ರಸ್ತೆಯ ಗೋಪುರದಲ್ಲಿ ಮೇಲಿನ ಕಚೇರಿಗೂ ಕೆಳಗಿನ ಅಂಗಡಿಗೂ ಲಿಫ್ಟ್ ಬಿಟ್ಟರೆ ಬೇರೆ ನಂಟಿಲ್ಲ. ಬ್ಯಾಡಗಿಯಲ್ಲಿ ಕಚೇರಿ ಒಂದು ದಿನ ಬಾಗಿಲು ಹಾಕಿದರೆ ಅಂಗಡಿಯೂ ಹಾಕಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪೇಟೆ ಬೆಳೆದದ್ದು ಮಣ್ಣಿನ ಗುಣದಿಂದ, ಕಾಯಿಯ ಗುಣದಿಂದ, ಅದರಲ್ಲಿ ಕಚೇರಿಯ ಪಾಲೇನು ಎಂಬುದು. ಊರಿನ ಹೆಸರೇ ಕಾಯಿಗಿರುವಾಗ ಈ ಮಾತು ಸಹಜ. ಆದರೆ ಇವತ್ತು ಆ ಪ್ರಾಂಗಣಕ್ಕೆ ಬರುವ ಲಾರಿಗಳ ನಂಬರ್ ಪ್ಲೇಟ್ ನೋಡಿದರೆ ಬೇರೆ ಕತೆ ಕಾಣುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗಗಳಿಂದ, ಗಡಿಯಾಚೆಯ ಕರ್ನೂಲು ಸೀಮೆಯಿಂದ ಮಾಲು ಬರುತ್ತದೆ. ಪೇಟೆಯ ದರಪಟ್ಟಿಯಲ್ಲಿ ಕಡ್ಡಿ, ಡಬ್ಬಿಗಳ ಜೊತೆ ಗುಂಟೂರು ಎಂಬ ಸಾಲು ಖಾಯಂ. ಇತ್ತ ಹಾವೇರಿ ಜಿಲ್ಲೆಯ ಹೊಲಗಳು ಮುರುಟು ರೋಗಕ್ಕೂ ಕೂಲಿಯ ಖರ್ಚಿಗೂ ಬೇಸತ್ತು ಗೋವಿನಜೋಳಕ್ಕೆ, ಹತ್ತಿಗೆ ವಾಲಿ ದಶಕಗಳೇ ಕಳೆದವು. ಗೋವಿನಜೋಳದಲ್ಲಿ ರಾಜ್ಯದ ಮುಂಚೂಣಿ ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಮಣ್ಣೇ ಪೇಟೆ ಕಟ್ಟುವುದಾದರೆ ಬೆಳೆ ಸರಿದ ಕಡೆಗೆ ಪೇಟೆಯೂ ಸರಿಯಬೇಕಿತ್ತು. ತುಂಗಭದ್ರಾ ಕಾಲುವೆಯ ರೈತ ತನ್ನ ಹತ್ತಿರದ ಪೇಟೆಗಳನ್ನು ದಾಟಿ, ನೂರಾರು ಕಿಲೋಮೀಟರ್ ಲಾರಿ ಬಾಡಿಗೆ ತೆತ್ತು, ಬ್ಯಾಡಗಿಗೇ ಬರುವುದೇಕೆ? ಅಲ್ಲಿ ಕೊಳ್ಳುವವರು ಹೆಚ್ಚು, ಮಾಲು ಇಡಲು ಕೋಲ್ಡ್ ಸ್ಟೋರೇಜ್ ಇದೆ, ಮಾರಿದ ಹಣ ಕೈಗೆ ಬರುತ್ತದೆ ಎಂಬ ನಂಬಿಕೆ ಇದೆ. ಈ ಮೂರರಲ್ಲಿ ಮಣ್ಣಿನಿಂದ ಹುಟ್ಟಿದ್ದು ಒಂದೂ ಇಲ್ಲ.

ಹಾವೇರಿ ಪಟ್ಟಣದ ಹಳೆಯ ಕತೆ ಇದಕ್ಕೆ ಒಳ್ಳೆಯ ಸಾಕ್ಷಿ. ಏಲಕ್ಕಿಯ ಹಾರಕ್ಕೆ ಹಾವೇರಿ ಪ್ರಸಿದ್ಧ. ಬಂದ ಗಣ್ಯರ ಕೊರಳಿಗೆ ಏಲಕ್ಕಿ ಹಾರ ಬೀಳದ ಸಮಾರಂಭ ಆ ಊರಲ್ಲಿ ವಿರಳ. ಆದರೆ ಹಾವೇರಿಯ ಸುತ್ತ ಏಲಕ್ಕಿಯ ಗಿಡ ಹುಡುಕಿದರೂ ಸಿಗುವುದಿಲ್ಲ, ಅದು ಬಯಲುಸೀಮೆಯ ಅಂಚು. ಶಿರಸಿ ಕಡೆಯ ಮಲೆನಾಡ ಏಲಕ್ಕಿ ಘಟ್ಟದ ಮೇಲಿಂದ ಹಾವೇರಿಗೆ ಬರುತ್ತಿತ್ತು. ಅಲ್ಲಿನ ಬಾವಿಯ ನೀರಿನಲ್ಲಿ ಅಂಟುವಾಳ ಹಾಕಿ ತೊಳೆದು ಬಿಳಿ ಮಾಡಿದರೆ ಕಾಯಿಗೆ ಬಣ್ಣವೂ ಬೆಲೆಯೂ ಏರುತ್ತದೆ ಎಂಬ ಖ್ಯಾತಿಯಿತ್ತು, ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಬರಹಗಳಲ್ಲೂ ಅದರ ಉಲ್ಲೇಖವಿದೆ. ಬೆಳೆಯದ ವಸ್ತುವಿಗೆ ಊರು ಹೆಸರಾದದ್ದು ಅದು ದಾರಿಯ ನಡುವೆ ಇದ್ದುದರಿಂದ, ತೊಳೆದು ವಿಂಗಡಿಸುವ ಕೈಗಳು ಇದ್ದುದರಿಂದ. ಆ ವ್ಯಾಪಾರ ಈಗ ಹಾರದಷ್ಟಕ್ಕೆ ಇಳಿದಿದೆ. 1966ರಲ್ಲಿ ಏಲಕ್ಕಿ ಮಂಡಳಿ ಬಂತು, ಮುಂದೆ ಲೈಸೆನ್ಸ್ ಪಡೆದ ಹರಾಜು ಕೇಂದ್ರಗಳು ಬಂದವು, ಅವು ಇದ್ದದ್ದು ಬೆಳೆಯುವ ಸೀಮೆಯಲ್ಲಿ. ಏಲಕ್ಕಿ ತೊಳೆಯುವ ಕಸುಬು ಹಾವೇರಿಯಲ್ಲಿತ್ತು, ಏಲಕ್ಕಿಯ ದರ ದಾಖಲಿಸುವ ಕಟ್ಟೆ ಇರಲಿಲ್ಲ. ವ್ಯಾಪಾರ ಕೈಬಿಟ್ಟದ್ದಕ್ಕೆ ಬೇರೆ ಕಾರಣಗಳೂ ಇದ್ದಾವು, ಆದರೆ ಈ ಕಾರಣವನ್ನು ಪಕ್ಕಕ್ಕಿಡುವಂತಿಲ್ಲ.

ಹಾಗಾದರೆ ದರ ದಾಖಲಿಸುವ ಕಟ್ಟೆ ಎಂಬುದು ಈ ಸೀಮೆಗೆ ಬಂದದ್ದು ಹೇಗೆ? ಅದರ ಬೇರು ಮೆಣಸಿನಕಾಯಿಯಲ್ಲಿ ಇಲ್ಲ, ಹತ್ತಿಯಲ್ಲಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳೆಲ್ಲ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. 1840ರ ದಶಕದಲ್ಲಿ ಅಮೆರಿಕದ ಬೀಜದಿಂದ ಬೆಳೆಸಿದ ಧಾರವಾಡ-ಅಮೆರಿಕನ್ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಪರಿಚಯವಾಗಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ಬೆಲೆ ಬಂದ ಕೂಡಲೇ ಬೆರಕೆಯೂ ಬಂತು. ಕೀಳು ಹತ್ತಿ, ಬೀಜ, ಮಣ್ಣು ಸೇರಿಸಿದ ಅಂಡಿಗೆಗಳು ಮುಂಬಯಿಗೆ ಹೋಗತೊಡಗಿ, 1863ರಲ್ಲಿ ಹತ್ತಿ ಬೆರಕೆ ತಡೆಯಲೆಂದೇ ಮುಂಬಯಿ ಸರ್ಕಾರ ಕಾಯ್ದೆ ಮಾಡಿ ತಪಾಸಣೆಯ ಅಧಿಕಾರಿಗಳನ್ನು ನೇಮಿಸಿತು. ಪೇಟೆಯ ಅಂಗಡಿಯ ಮೇಲೆ ಸರ್ಕಾರಿ ಕಚೇರಿಯ ಕಣ್ಣು ಬಿದ್ದದ್ದು ಹೀಗೆ, ಅದೂ ಮ್ಯಾಂಚೆಸ್ಟರಿನ ಗಿರಣಿ ಮಾಲೀಕನ ಹಿತಕ್ಕಾಗಿ. ರೈತನ ಹಿತದ ಮಾತು ಬರಲು ಇನ್ನೂ ದಶಕಗಳೇ ಹಿಡಿದವು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸದರ್ನ್ ಮರಾಠಾ ರೈಲ್ವೆ ಹಳಿ ಹಾಕಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಅದೇ ಹಳಿಯ ಮೇಲೆ ಬಂದವು. ಅಲ್ಲಿಂದ ಮುಂದೆ ಯಾವ ಊರು ಪೇಟೆಯಾಗಿ ಬೆಳೆಯುತ್ತದೆ ಎಂಬುದು ರೈಲಿನಿಂದ ಮಾತ್ರ ತೀರ್ಮಾನವಾಗಲಿಲ್ಲ, ಏಕೆಂದರೆ ರೈಲು ಮೂರೂ ಊರಿಗೆ ಒಂದೇ ಆಗಿತ್ತು.

ಪೇಟೆಯ ದರ ಆಗ ಕೈಯಲ್ಲಿ ಮಾತಾಡುತ್ತಿತ್ತು. ದೇಶದ ಬಹಳಷ್ಟು ಪೇಟೆಗಳಲ್ಲಿ ದಲಾಲ ಮತ್ತು ಖರೀದಿದಾರ ಒಂದು ವಸ್ತ್ರದಡಿ ಕೈ ಹಿಡಿದು, ಬೆರಳು ಒತ್ತಿ ದರ ಕುದುರಿಸುತ್ತಿದ್ದರು. ಮಾಲಿನ ಒಡೆಯ ಎದುರಿಗೇ ನಿಂತಿದ್ದರೂ ತನ್ನ ಮಾಲು ಎಷ್ಟಕ್ಕೆ ಹೋಯಿತೆಂದು ಅವನಿಗೆ ತಿಳಿಯುತ್ತಿದ್ದುದು ಕೊನೆಗೆ. ಮೇಲೆ ಸೂಟು, ಅಂದರೆ ತೂಕದಲ್ಲಿ ಮುರಿಯುವ ಲೆಕ್ಕ. ಸ್ಯಾಂಪಲ್ ಎಂದು ಎತ್ತಿಕೊಂಡ ಹಿಡಿ ಹಿಡಿ ಮಾಲು. ದೇವರಿಗೆ, ಧರ್ಮಕ್ಕೆ ಎಂದು ಕಡಿತ. 1897ರಲ್ಲಿ ಬೇರಾರ್ ಸೀಮೆಯಲ್ಲಿ ಹತ್ತಿ ಮತ್ತು ಕಾಳಿನ ಪೇಟೆಗಳಿಗೆ ಮೊದಲ ನಿಯಮ ಬಂದಿತು, 1927ರಲ್ಲಿ ಮುಂಬಯಿ ಪ್ರಾಂತದ ಹತ್ತಿ ಮಾರುಕಟ್ಟೆ ಕಾಯ್ದೆ ಬಂದಿತು. ಮರುವರ್ಷ ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ ದೇಶದ ತುಂಬ ನಿಯಂತ್ರಿತ ಮಾರುಕಟ್ಟೆ ಬೇಕೆಂದಿತು. 1939ರಲ್ಲಿ ಮುಂಬಯಿ ಪ್ರಾಂತ ಹತ್ತಿಯನ್ನು ಮೀರಿ ಎಲ್ಲ ಕೃಷಿ ಉತ್ಪನ್ನಕ್ಕೂ ಕಾಯ್ದೆ ವಿಸ್ತರಿಸಿತು. ಏಕೀಕರಣದ ಹತ್ತು ವರ್ಷಗಳ ಮೇಲೆ, 1966ರಲ್ಲಿ, ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆ ಆಯಿತು. ಈ ಕಾಯ್ದೆಗಳ ಸಾರವನ್ನು ವಕೀಲರ ಭಾಷೆ ಬಿಟ್ಟು ಹೇಳುವುದಾದರೆ: ವಸ್ತ್ರದಡಿಯ ಕೈ ಹೊರಗೆ ಬರಬೇಕು, ತೂಕ ಎಲ್ಲರೆದುರು ಆಗಬೇಕು, ದಲಾಲಿಯನ್ನು ಕೊಳ್ಳುವವನೇ ಕೊಡಬೇಕು, ಪ್ರತಿ ವ್ಯವಹಾರಕ್ಕೂ ಪಟ್ಟಿ ಇರಬೇಕು. ಕೈಮುಸುಕಿನಿಂದ ಬಹಿರಂಗ ಸವಾಲಿಗೆ, ಸವಾಲಿನಿಂದ ಪೆಟ್ಟಿಗೆಯಲ್ಲಿ ಹಾಕುವ ಟೆಂಡರ್ ಚೀಟಿಗೆ, ಚೀಟಿಯಿಂದ ಇ-ಟೆಂಡರ್‌ಗೆ ನಡೆದ ದಾರಿಯಲ್ಲಿ ಪ್ರತಿ ಹೆಜ್ಜೆಗೂ ಅಂಗಡಿಯ ಗುಟ್ಟೊಂದು ಕಚೇರಿಯ ದಾಖಲೆಯಾಯಿತು. 2014ರಲ್ಲಿ ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಎಂಬ ಸರಕು ವಿನಿಮಯ ಸಂಸ್ಥೆ ಕೂಡಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಕಂಪನಿ ಕಟ್ಟಿ ಏಕೀಕೃತ ಮಾರುಕಟ್ಟೆ ವೇದಿಕೆ ನಡೆಸತೊಡಗಿದ್ದು ಈ ದಾರಿಯ ಇತ್ತೀಚಿನ ಹೆಜ್ಜೆ. ದೇಶಮಟ್ಟದ ಕೃಷಿ ಮಾರುಕಟ್ಟೆ ವೇದಿಕೆ ಇ-ನ್ಯಾಮ್‌ಗೆ ಮೊದಲೇ ಕರ್ನಾಟಕ ಈ ಕೆಲಸಕ್ಕೆ ಕೈಹಾಕಿತ್ತು ಎಂಬುದನ್ನು ನಾವು ಹೇಳಿಕೊಳ್ಳುವುದು ಕಡಿಮೆ.

ದಲಾಲರ ಕಡೆಯವರು ಇಲ್ಲಿ ತಡೆದು ಕೇಳಬಹುದು. ಪೇಟೆ ಕಟ್ಟಿದ್ದು ನಾವು, ಕಾಯ್ದೆ ಬಂದದ್ದು ಆಮೇಲೆ. ಬಿತ್ತನೆಗೆ ಮುಂಗಡ ಕೊಟ್ಟದ್ದು, ಮಗಳ ಮದುವೆಗೆ ಕೈಗಡ ಕೊಟ್ಟದ್ದು, ಮಾಲು ಮಾರಿದ ದಿನವೇ ಹಣ ಎಣಿಸಿದ್ದು ಕಚೇರಿಯಲ್ಲ, ಅಂಗಡಿ ಎಂದು. ಇದರಲ್ಲಿ ನಿಜವಿದೆ. ಖರೀದಿದಾರ ಹದಿನೈದು ದಿನ, ತಿಂಗಳು ತಡಮಾಡಿದರೂ ದಲಾಲಿ ಅಂಗಡಿ ತನ್ನ ಗಂಟಿನಿಂದ ರೈತನಿಗೆ ಹಣ ಕೊಟ್ಟು ಕಳಿಸುತ್ತದೆ. ಆ ನಂಬಿಕೆ ಇಲ್ಲದಿದ್ದರೆ ಕರ್ನೂಲಿನವನು ಬ್ಯಾಡಗಿಗೆ ಬರುತ್ತಿರಲಿಲ್ಲ. ಆದರೆ ಬರೀ ಅಂಗಡಿಯ ನಂಬಿಕೆಯ ಮೇಲೆ ನಿಂತ ಪೇಟೆ ಪರಿಚಿತರ ಪೇಟೆಯಾಗಿ ಉಳಿಯುತ್ತದೆ. ಊರು, ಜಾತಿ, ಭಾಷೆ ಬೇರೆಯಾದ ರೈತ ಅಪರಿಚಿತ ಅಂಗಡಿಯ ಮುಂದೆ ಚೀಲ ಇಳಿಸುವ ಧೈರ್ಯ ಮಾಡುವುದು, ತನ್ನ ಲಾಟ್‌ಗೆ ಹತ್ತಾರು ಜನ ದರ ಹಾಕುತ್ತಾರೆ, ಬೇಡವಾದರೆ ಒಲ್ಲೆ ಎನ್ನುವ ಹಕ್ಕು ತನಗಿದೆ ಎಂದು ಗೊತ್ತಿರುವಾಗ. ಅಂಗಡಿಯ ಸಾಲ ರೈತನನ್ನು ಒಂದೇ ಬಾಗಿಲಿಗೆ ಕಟ್ಟಿಹಾಕುತ್ತದೆ, ಬಿಳಿಚೀಟಿಯ ಲೆಕ್ಕ ಯಾವ ದಾಖಲೆಗೂ ಸಿಗುವುದಿಲ್ಲ. ಇವೆರಡನ್ನೂ ಬಲ್ಲವರು ಅಂಗಡಿಯೊಂದೇ ಸಾಕು ಎನ್ನಲಾರರು. ನಾನು ದಲಾಲರನ್ನು ದೂರುತ್ತಿಲ್ಲ. ಅವರ ಗುಣಕ್ಕೆ ನೆಲೆ ಕೊಟ್ಟದ್ದು ಕಚೇರಿ ಎನ್ನುತ್ತಿದ್ದೇನೆ.

2020ರಲ್ಲಿ ರಾಜ್ಯದ ಎಪಿಎಂಸಿ ಕಾಯ್ದೆಗೆ ತಿದ್ದುಪಡಿ ತಂದು ಪ್ರಾಂಗಣದ ಹೊರಗೂ ಖರೀದಿಗೆ ಅವಕಾಶ ಮಾಡಿದಾಗ ಈ ವಾದಕ್ಕೆ ನಿಜವಾದ ಪರೀಕ್ಷೆ ಎದುರಾಯಿತು. ಇನ್ನು ಪ್ರಾಂಗಣ ಖಾಲಿಯಾಗುತ್ತದೆ ಎಂದವರಿದ್ದರು, ಆಗಲಿ ಎಂದವರೂ ಇದ್ದರು. ಮಾರುಕಟ್ಟೆ ಶುಲ್ಕ ಇಳಿದು ರಾಜ್ಯದ ಅನೇಕ ಸಮಿತಿಗಳ ವರಮಾನ ಕುಸಿದದ್ದು ನಿಜ. ಬ್ಯಾಡಗಿಯಲ್ಲಿ ಮಾತ್ರ ಚೀಲಗಳು ಬರುವುದು ನಿಲ್ಲಲಿಲ್ಲ. ನಾಲ್ಕು ವರ್ಷಗಳ ಮೇಲೆ, 2024ರ ಮಾರ್ಚ್ ಹೊತ್ತಿಗೆ, ಒಂದೇ ದಿನದ ಆವಕ ಮೂರು ಲಕ್ಷ ಚೀಲದ ಲೆಕ್ಕದಲ್ಲಿತ್ತು. ಹೊರಗೆ ಮಾರಲು ಕಾನೂನು ಅಡ್ಡಬಾರದಿದ್ದಾಗಲೂ ರೈತ ಒಳಗೇ ಬಂದ. ಮನೆ ಬಾಗಿಲಿಗೆ ಬಂದು ಕೊಳ್ಳುವವನ ದರ ಸರಿಯೋ ತಪ್ಪೋ ಎಂದು ಅಳೆಯಲು ಅವನಿಗೆ ಬೇಕಾಗಿದ್ದುದೂ ಬ್ಯಾಡಗಿಯ ದರವೇ. ಮೊಬೈಲ್‌ನಲ್ಲೇ ಎಲ್ಲ ಮಾರಾಟವಾಗುವ ಕಾಲದಲ್ಲಿ ಪ್ರಾಂಗಣವೇಕೆ ಎನ್ನುವವರಿಗೂ ಇದೇ ಉತ್ತರದ ಒಂದು ಭಾಗ ಸಲ್ಲುತ್ತದೆ. ಸೋಯಾ, ಗೋವಿನಜೋಳದ ಹಾಗೆ ಮೆಣಸಿನಕಾಯಿಯ ಗುಣವನ್ನು ಎರಡು ಅಂಕಿಗಳಲ್ಲಿ ಹೇಳಿ ಮುಗಿಸಲಾಗದು. ಬಣ್ಣ, ಹಸಿ, ಸುಕ್ಕು, ಬಿಳಿಗಾಯಿ ಎಷ್ಟು, ತೊಟ್ಟು ಹೇಗಿದೆ ಎಂಬುದನ್ನೆಲ್ಲ ಕಣ್ಣು, ಕೈ ಇನ್ನೂ ಅಳೆಯುತ್ತಿವೆ. ದರ ತೆರೆಯ ಮೇಲೆ ಬರುತ್ತದೆ, ಕಾಯಿ ನೆಲದ ಮೇಲೇ ಇರಬೇಕಾಗುತ್ತದೆ.

ಆ ಮಾರ್ಚ್ ತಿಂಗಳ ಹೆಸರು ಬಂದ ಮೇಲೆ 11ನೇ ತಾರೀಖಿನ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಅದು ಸೋಮವಾರ. ಹಿಂದಿನ ವಾರಕ್ಕೆ ಹೋಲಿಸಿದರೆ ದರ ಒಮ್ಮೆಲೇ ಪಾತಾಳಕ್ಕಿಳಿದಿದೆ ಎಂದು ರೈತರು ಸಿಟ್ಟಿಗೆದ್ದರು. ಎಪಿಎಂಸಿ ಕಚೇರಿಗೆ ನುಗ್ಗಿದರು, ಕಿಟಕಿ ಗಾಜು, ಪೀಠೋಪಕರಣ ಒಡೆದರು, ವಾಹನಗಳಿಗೆ ಬೆಂಕಿ ಹಚ್ಚಿದರು. ನಂದಿಸಲು ಬಂದ ಅಗ್ನಿಶಾಮಕ ವಾಹನಕ್ಕೂ ಬೆಂಕಿ ಬಿತ್ತು. ಮೊದಲ ಹೊತ್ತು ಪೊಲೀಸರ ಸಂಖ್ಯೆ ಏನೇನೂ ಸಾಲದಾಯಿತು. ಹಿಂಸೆಯನ್ನು ಸಮರ್ಥಿಸುವ ಮಾತೇ ಇಲ್ಲ. ಅರ್ಥ ಮಾಡಿಕೊಳ್ಳಬೇಕಾದದ್ದು ಸಿಟ್ಟು ಯಾವ ಕಡೆ ತಿರುಗಿತು ಎಂಬುದನ್ನು. ದರ ಹಾಕಿದವರು ಖರೀದಿದಾರರು, ಮಾಲು ಇಳಿದದ್ದು ದಲಾಲಿ ಅಂಗಡಿಗಳಲ್ಲಿ. ಬೆಂಕಿ ಮೊದಲು ಮುಟ್ಟಿದ್ದು ಆಡಳಿತ ಕಚೇರಿಯ ಅಂಗಳವನ್ನು. ದರಕ್ಕೆ ಕಚೇರಿಯೇ ಹೊಣೆ ಎಂದು ರೈತರು ನಂಬಿದ್ದರು. ಒಂದು ಅರ್ಥದಲ್ಲಿ ಆ ನಂಬಿಕೆ ನೂರು ವರ್ಷದ ಕಾಯ್ದೆಗಳ ಫಲ. ದರವನ್ನು ನಾವೇ ಪ್ರಕಟಿಸುತ್ತೇವೆ ಎಂದ ಮೇಲೆ ದರ ಬಿದ್ದ ದಿನ ಅದು ಹೇಗೆ ಬಿತ್ತು ಎಂದು ಹೇಳುವ ಕೆಲಸವೂ ಕಚೇರಿಯದೇ. ಹಳೆಯ ಮಾಲು ಕೋಲ್ಡ್ ಸ್ಟೋರೇಜುಗಳಲ್ಲಿ ಎಷ್ಟು ಉಳಿದಿದೆ, ಹೈಬ್ರಿಡ್ ಕಾಯಿ ಎಷ್ಟು ಬಂದಿದೆ, ಹಸಿ ಎಷ್ಟಿದೆ ಎಂಬುದು ದರ ಹಾಕುವವನಿಗೆ ಗೊತ್ತಿರುತ್ತದೆ. ರಾತ್ರಿಯಿಡೀ ಲಾರಿಯ ಮೇಲೆ ಕೂತು ಬಂದವನಿಗೆ ಗೊತ್ತಿರುವುದಿಲ್ಲ. ಗಣಕದ ತೆರೆ ಕೊನೆಯ ಅಂಕಿಯನ್ನಷ್ಟೇ ತೋರಿಸಿದರೆ ಅದು ಹೊಸ ಕಾಲದ ವಸ್ತ್ರವಾಗುತ್ತದೆ, ಅದರಡಿಯಲ್ಲಿ ಕೈ ಮತ್ತೆ ಮುಚ್ಚಿಕೊಳ್ಳುತ್ತದೆ.

ಇದೇ ಕಣ್ಣಿನಿಂದ ಉಳಿದೆರಡು ಊರುಗಳನ್ನು ನೋಡಿದರೆ ಕೆಲವು ವಿಚಿತ್ರಗಳು ಕಾಣುತ್ತವೆ. ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರ ಆಗಸ್ಟ್ 24ರಂದು. ಕೇಂದ್ರವಾದದ್ದು ಹಾವೇರಿ. 2011ರ ಗಣತಿಯಂತೆ ಅದರ ಜನಸಂಖ್ಯೆ 67 ಸಾವಿರ, ರಾಣೆಬೆನ್ನೂರಿನದು ಒಂದು ಲಕ್ಷ ಮೀರಿತ್ತು. ಕಚೇರಿ ಸಣ್ಣ ಊರಿಗೆ ಹೋಯಿತು, ಪೇಟೆ ದೊಡ್ಡ ಊರಲ್ಲಿ ಉಳಿಯಿತು. ಹಾವೇರಿಯೊಳಗೂ ಕಚೇರಿ ಪೇಟೆಯ ಮಗ್ಗುಲಿಗೆ ಬರಲಿಲ್ಲ, ಜಿಲ್ಲಾಡಳಿತ ಭವನ ಊರಾಚೆ ದೇವಗಿರಿಯಲ್ಲಿ ಎದ್ದಿತು. ಜಾಗ ವಿಶಾಲ, ಗಾಳಿ ಬೆಳಕು ಚೆನ್ನ, ಆ ಆಯ್ಕೆಗೆ ಕಾರಣಗಳಿದ್ದವು. ಆದರೆ ಕಂದಾಯದ ಕೆಲಸಕ್ಕೆ ಬಂದ ಹಳ್ಳಿಯವನು ಅದೇ ನಡಿಗೆಯಲ್ಲಿ ಒಂದು ಚಪ್ಪಲಿ, ಮಕ್ಕಳಿಗೊಂದು ನೋಟ್‌ಬುಕ್ಕು ಕೊಂಡು ಹೋಗುವ ಹಳೆಯ ತಾಲೂಕು ಕಚೇರಿಯ ಸುತ್ತಲಿನ ವ್ಯಾಪಾರ ಅಲ್ಲಿ ಹುಟ್ಟುವುದು ಕಷ್ಟ. ರಾಣೆಬೆನ್ನೂರಿನ ಕತೆ ಇದರ ಇನ್ನೊಂದು ಮಗ್ಗುಲು. ಹತ್ತಿ, ಗೋವಿನಜೋಳ, ವೀಳ್ಯದೆಲೆ ಮತ್ತು ತರಕಾರಿ-ಹತ್ತಿಯ ಹೈಬ್ರಿಡ್ ಬೀಜೋತ್ಪಾದನೆಯಿಂದ ಬೆಳೆದ ಊರು ಅದು. ಬೀಜದ ಕಂಪನಿಗಳ ಕಚೇರಿ, ಗೋದಾಮು ಅಲ್ಲಿಗೆ ಬಂದದ್ದು ಯಾರೂ ಗೋಪುರ ಕಟ್ಟಿ ಕರೆದುದರಿಂದಲ್ಲ. ಹೂವಿನ ಕೇಸರ ಕಿತ್ತು ಪರಾಗ ಹಚ್ಚುವ ಕೆಲಸ ಬಲ್ಲ ರೈತ ಕುಟುಂಬಗಳು ಸುತ್ತಲ ಹಳ್ಳಿಗಳಲ್ಲಿ ಇದ್ದುದರಿಂದ. ಊರೊಳಗಿನ ಮಾರುಕಟ್ಟೆ ಇಕ್ಕಟ್ಟಾಗಿ, ಹೊರವಲಯದ ಹೂಲಿಹಳ್ಳಿಯಲ್ಲಿ ಮೆಗಾ ಮಾರುಕಟ್ಟೆ ಎದ್ದಿತು. ಹೊಸ ಪ್ರಾಂಗಣಕ್ಕೆ ರಸ್ತೆ, ಮಳಿಗೆ, ಹರಾಜು ಕಟ್ಟೆ ಕಟ್ಟುವುದು ಗುತ್ತಿಗೆದಾರನ ಕೆಲಸ, ಅದು ಬೇಗ ಮುಗಿಯುತ್ತದೆ. ವ್ಯಾಪಾರಿ, ರೈತ, ಬ್ಯಾಂಕು, ಹಮಾಲರು ಒಟ್ಟಿಗೆ ಹಳೆಯ ಜಾಗ ಬಿಟ್ಟು ಏಳುವಂತೆ ಮಾಡುವುದು ಸಮಿತಿಯ ಕೆಲಸ, ಅದು ಕಟ್ಟಡದಷ್ಟು ಸುಲಭವಲ್ಲ.

ಊರೊಳಗಿನ ಕಾಂಪ್ಲೆಕ್ಸುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುರಸಭೆ, ನಗರಸಭೆಗಳ ಮಳಿಗೆಗಳ ಕತೆ ರಾಜ್ಯದಲ್ಲೆಲ್ಲ ಒಂದೇ: ಹರಾಜಾದ ಮಳಿಗೆ ಒಳಬಾಡಿಗೆಗೆ ಹೋಗುತ್ತದೆ, ಹಳೆಯ ಬಾಡಿಗೆ ಏರುವುದಿಲ್ಲ, ಅವಧಿ ಮುಗಿದರೂ ಕೀಲಿ ಕೈಗೆ ಬರುವುದಿಲ್ಲ, ಮರುಹರಾಜು ಎಂದಾಕ್ಷಣ ಕೋರ್ಟಿನ ತಡೆಯಾಜ್ಞೆ. ಬ್ಯಾಡಗಿಯ ಮುಖ್ಯರಸ್ತೆ ಅಗಲೀಕರಣದ ಜಗಳ ವರ್ಷಗಟ್ಟಲೆ ಎಳೆದಾಡಿದ್ದನ್ನು ನೋಡಿದವರಿಗೆ ಒಂದು ವಿಷಯ ಹೊಳೆಯದೆ ಇರದು. ಲಕ್ಷಗಟ್ಟಲೆ ಚೀಲವನ್ನು ಒಂದು ದಿನದಲ್ಲಿ ತೂಗಿ, ದರ ಕಟ್ಟಿ, ಲೆಕ್ಕ ಮುಗಿಸಬಲ್ಲ ಊರಿಗೆ ತನ್ನದೇ ಅಂಗಡಿ ಬೀದಿಯ ಕೆಲವು ನೂರು ಮೀಟರನ್ನು ಸರಿಪಡಿಸಿಕೊಳ್ಳುವುದು ಕಷ್ಟವಾಯಿತು. ಎರಡೂ ಕಡೆ ಜನ ಅವರೇ, ಬುದ್ಧಿ ಅದೇ. ಪ್ರಾಂಗಣದಲ್ಲಿ ಕೊಡುವವನು, ಕೊಳ್ಳುವವನು, ನಡುವಿನವನು ಮೂವರೂ ಕೂತು ತಕರಾರು ತೀರಿಸುವ ಸಮಿತಿ ಇದೆ, ಬೀದಿಯಲ್ಲಿ ಇಲ್ಲ.

ಹಾಗಾಗಿ ಇಲ್ಲಿ ಖರ್ಚು ಮಾಡಬೇಕಾದ ಹಣ ಎಲ್ಲಿ ಹೋಗಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಕಾಂಕ್ರೀಟಿನ ಕಡೆ ಇಲ್ಲ. ಪ್ರತಿ ಲಾಟ್‌ನ ತೇವಾಂಶವನ್ನು ಟೆಂಡರಿಗೆ ಮೊದಲೇ ಅಳೆದು ನಂಬರಿನ ಚೀಟಿಯ ಮೇಲೆ ಬರೆಯುವ ಮೀಟರುಗಳು, ಬಣ್ಣದ ಅಂಕಿ ಹೇಳುವ ಪ್ರಯೋಗಾಲಯ, ಕೋಲ್ಡ್ ಸ್ಟೋರೇಜುಗಳಲ್ಲಿ ಉಳಿದ ಮಾಲಿನ ಲೆಕ್ಕವನ್ನು ವಾರವಾರ ಪ್ರಕಟಿಸುವ ಫಲಕ, ಹೊರಡುವ ಮುಂಚೆಯೇ ರೈತನ ಮೊಬೈಲಿಗೆ ಹೋಗುವ ಆವಕದ ಅಂದಾಜು: ಬ್ಯಾಡಗಿಗೆ ಮುಂದಿನ ಅಂತಸ್ತು ಎಂದರೆ ಇವು. ಮೂರು ಲಕ್ಷ ಚೀಲವನ್ನು ಒಂದೊಂದಾಗಿ ಅಳೆಯುವುದು ಆಗದ ಮಾತು ಎಂದು ಯಾರಾದರೂ ಹೇಳಿದರೆ, ಅಳೆಯಬೇಕಾದದ್ದು ಚೀಲವನ್ನಲ್ಲ, ಲಾಟನ್ನು. ಒಂದು ಲಾಟ್‌ನಲ್ಲಿ ಹತ್ತಾರು ಚೀಲವಿರುತ್ತದೆ, ಎರಡು ಮೂರು ಕಡೆಯಿಂದ ತೆಗೆದ ಕಾಯಿ ಸಾಕು. ಕೋಲ್ಡ್ ಸ್ಟೋರೇಜಿನವರು ತಮ್ಮ ಲೆಕ್ಕ ಬಿಟ್ಟುಕೊಡುತ್ತಾರೆಯೇ ಎಂಬುದು ಇದಕ್ಕಿಂತ ಕಠಿಣ ಪ್ರಶ್ನೆ. ದಾಸ್ತಾನಿನ ಗುಟ್ಟೇ ಅನೇಕರ ಲಾಭದ ಮೂಲ. ಆದರೆ ಅದೇ ದಾಸ್ತಾನಿನ ಮೇಲೆ ಬ್ಯಾಂಕು ಸಾಲ ಕೊಡುವಾಗ ಚೀಲದ ಲೆಕ್ಕ ಬ್ಯಾಂಕಿಗೆ ಸಿಗುತ್ತದೆ. ಹೆಸರು ಬಿಟ್ಟು ಒಟ್ಟು ಅಂಕಿಯನ್ನು ಸಮಿತಿಗೆ ಕೊಡಬೇಕೆಂದು ಲೈಸೆನ್ಸಿನ ಷರತ್ತಿನಲ್ಲೇ ಸೇರಿಸಲು ಯಾವ ದೊಡ್ಡ ಕಟ್ಟಡವೂ ಬೇಕಿಲ್ಲ.